ಗ್ಯಾರೇಜು ಪ್ರಶ್ನೋತ್ತರ: ಹಳೆಯ ಡೀಸೆಲ್ ಲಾರಿಗೆ ಆರ್‌ಪಿಎಂ ಮೀಟರ್

ಪ್ರಶ್ನೆ: ನನ್ನದು ಆರು ಸಿಲಿಂಡರಿನ ಹಳೆಯ ಟಾಟಾ ಲಾರಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಕಡೆ ಬಾಡಿಗೆ ಓಡಿಸುತ್ತೇನೆ. ಗಾಡಿಗೆ ಆರ್‌ಪಿಎಂ ಮೀಟರ್, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಮೀಟರ್, ಇಲ್ಲ. ಪೆಟ್ರೋಲ್ ಕಾರಿನ ಮೀಟರ್ ಒಂದನ್ನು ತಂದು ಹಾಕಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಎಂಥ ಮೀಟರ್ ತರಬೇಕು, ವಯರ್ ಎಲ್ಲಿಂದ ಎಳೆಯಬೇಕು?
– ಲಾರಿ ಮಾಲೀಕರು, ಅಂಕೋಲಾ

ಉತ್ತರ: ಪೆಟ್ರೋಲ್ ಕಾರಿನ ಮೀಟರ್ ಎಣಿಸುವುದು ಇಗ್ನಿಶನ್ ಕಾಯಿಲಿನಿಂದ ಬರುವ ಮಿಡಿತಗಳನ್ನು. ನಿಮ್ಮ ಇಂಜಿನ್ನಿನಲ್ಲಿ ಕಾಯಿಲೂ ಇಲ್ಲ, ಪ್ಲಗ್ಗೂ ಇಲ್ಲ. ಎಣಿಸಲು ಏನೂ ಸಿಗದಿದ್ದರೆ ಮುಳ್ಳು ಏಳುವುದು ಹೇಗೆ? ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮಿಡಿತ ಎಲ್ಲಿಂದ ಸಿಗುತ್ತದೆ ಎಂದು ನಿಮ್ಮ ಇಂಜಿನ್ನನ್ನೇ ನೋಡಿ ತೀರ್ಮಾನಿಸಿ. ಮೀಟರಿನ ಆಯ್ಕೆ ಆಮೇಲಿನದು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡಿಯೇ ದುಡ್ಡು ಕಳೆದುಕೊಳ್ಳುತ್ತಾರೆ.

ಹಳೆಯ ಲಾರಿಗೆ ಎಲ್ಲಕ್ಕಿಂತ ಸುಲಭದ ಜಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಅದರ ಹಿಂಬದಿಯಲ್ಲಿ ಬ್ಯಾಟರಿಗೆ ಹೋಗುವ ದಪ್ಪ ಬೋಲ್ಟು, ಚಾರ್ಜಿಂಗ್ ದೀಪದ ಸಣ್ಣ ಪಿನ್ನು ಇವಲ್ಲದೆ ಇನ್ನೊಂದು ಪಿನ್ನು ಇದ್ದು ಪಕ್ಕದಲ್ಲಿ ‘ಡಬ್ಲ್ಯು’ ಎಂದು ಕೆತ್ತಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಸ್ಟೇಟರಿನ (ಒಳಗಿನ ಕದಲದ ಸುರುಳಿಯ) ಮೂರು ಫೇಸುಗಳಲ್ಲಿ ಒಂದನ್ನು, ಎ.ಸಿ.ಯನ್ನು ಡಿ.ಸಿ. ಮಾಡುವ ಡಯೋಡಿಗೆ ಸೇರುವ ಮೊದಲೇ ಹೊರಗೆ ತಂದಿರುವ ತುದಿ ಅದು. ಇಂಜಿನ್ ಓಡುವಾಗ ಅಲ್ಲಿಂದ ಅರ್ತಿಗೆ ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ ವೋಲ್ಟೇಜಿನ ಸುಮಾರು ಅರ್ಧದಷ್ಟು ತೋರಿಸಬೇಕು. ಚಾರ್ಜಿಂಗ್ ದೀಪದ ಪಿನ್ನಿಗೇ ವಯರ್ ಚುಚ್ಚಿ ಕೈತೊಳೆದುಕೊಳ್ಳುವವರಿದ್ದಾರೆ. ಅಲ್ಲಿರುವುದು ಡಯೋಡ್ ದಾಟಿ ಬಂದ ಡಿ.ಸಿ. ಅದರಲ್ಲಿ ಎಣಿಸುವಂಥ ಮಿಡಿತವಿಲ್ಲದ ಕಾರಣ ಮುಳ್ಳು ಮಲಗಿಯೇ ಇರುತ್ತದೆ, ಇಲ್ಲವೇ ದಿಕ್ಕೆಟ್ಟಂತೆ ಓಡಾಡುತ್ತದೆ.

ಡಬ್ಲ್ಯು ಪಿನ್ನು ಇಲ್ಲದ ಆಲ್ಟರ್ನೇಟರಿಗೂ ದಾರಿಯಿದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಸ್ಟೇಟರಿನ ಮೂರು ತಂತಿಗಳು ಡಯೋಡ್ ಪ್ಲೇಟಿಗೆ ಸೇರುವ ಜಾಗ ಕಾಣುತ್ತದೆ. ಮೂರರಲ್ಲಿ ಯಾವುದಾದರೂ ಒಂದಕ್ಕೆ 1 ಚದರ ಮಿ.ಮೀ. ವಯರನ್ನು ಬೆಸುಗೆ ಹಾಕಿ, ಶಾಖ ತಡೆಯುವ ಸ್ಲೀವ್ ತೊಡಿಸಿ, ಮುಚ್ಚಳದ ಗಾಳಿ ಕಿಂಡಿಯಲ್ಲಿ ರಬ್ಬರ್ ಗ್ರಾಮೆಟ್ ಕೂರಿಸಿ ಹೊರಗೆ ತನ್ನಿ. ವಯರ್ ಒಳಗಿನ ಫ್ಯಾನಿಗಾಗಲಿ ತಿರುಗುವ ರೋಟರಿಗಾಗಲಿ ತಾಗದಂತೆ ಒಳಗೇ ಕಟ್ಟಿರಬೇಕು. ಗ್ರಾಮೆಟ್ ಬಿಟ್ಟರೆ ಅಲ್ಯೂಮಿನಿಯಂ ಅಂಚು ಕೆಲವೇ ತಿಂಗಳಲ್ಲಿ ವಯರಿನ ಸಿಪ್ಪೆ ಕೊಯ್ದು ಆ ಫೇಸ್ ನೇರ ಅರ್ತಿಗೆ ತಾಗುತ್ತದೆ. ಆಗ ಮೀಟರ್ ಜೊತೆಗೆ ಡಯೋಡುಗಳೂ ಹೋಗುತ್ತವೆ. ಇದು ಆಲ್ಟರ್ನೇಟರ್ ರಿಪೇರಿಯವರ ಕೈಯ ಕೆಲಸ, ಅವರಿಂದಲೇ ಮಾಡಿಸಿ. ಇನ್ನೂ ಹಳೆಯ, ಕಾರ್ಬನ್ ಬ್ರಶ್ಶು ಮತ್ತು ಕಮ್ಯುಟೇಟರಿನ ಡಿ.ಸಿ. ಡೈನಮೋ ಇರುವ ಗಾಡಿಯಾದರೆ ಈ ದಾರಿ ಇಲ್ಲ.

ಎರಡನೆಯ ಜಾಗ ಫ್ಲೈವೀಲ್, ಅಂದರೆ ಇಂಜಿನ್ನಿನ ಹಿಂಬದಿಯ ಭಾರದ ಚಕ್ರ. ಅದರ ರಿಂಗ್ ಗೇರಿನ ಹಲ್ಲುಗಳೆದುರು ಮ್ಯಾಗ್ನೆಟಿಕ್ ಪಿಕಪ್ ಕೂರಿಸಿದರೆ ಒಂದೊಂದು ಹಲ್ಲಿಗೂ ಒಂದು ಮಿಡಿತ. ಬೆಲ್ಟು ಜಾರುವ ತೊಂದರೆಯೇ ಇಲ್ಲದ ಕಾರಣ ನಿಖರತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಫ್ಲೈವೀಲ್ ಹೌಸಿಂಗಿಗೆ ತೂತು ಹೊಡೆದು ಮರೆ (ಥ್ರೆಡ್) ಕೊಯ್ಯಬೇಕು. ಸೆಲ್ಫ್ ಮೋಟಾರ್ ಬಿಚ್ಚಿ ಆ ಬಾಯಿಯಿಂದ ಹಲ್ಲುಗಳ ನಡು ಎಲ್ಲಿ ಬರುತ್ತದೆ ಎಂದು ಅಳೆದುಕೊಳ್ಳಿ. ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತಿದರೆ ಲೋಹದ ಪುಡಿ ಒಳಗೆ ಬೀಳದು. ಸೀಮೆಸುಣ್ಣದ ಗುರುತು ಹಾಕಿ ಇಂಜಿನ್ ಕೈಯಲ್ಲಿ ತಿರುಗಿಸುತ್ತ ಹಲ್ಲುಗಳನ್ನು ಎರಡು ಸಲ ಎಣಿಸಿ ಬರೆದಿಡಿ, ಮೀಟರಿಗೆ ಕೊಡಬೇಕಾದ ಸಂಖ್ಯೆ ಅದೇ. ಪಿಕಪ್ಪನ್ನು ಹಲ್ಲಿನ ತುದಿಗೆ ತಾಗುವವರೆಗೆ ಕೈಯಲ್ಲೇ ತಿರುಗಿಸಿ, ಅರ್ಧದಿಂದ ಮುಕ್ಕಾಲು ಸುತ್ತು ಹಿಂದೆ ಬಿಟ್ಟು ಲಾಕ್ ನಟ್ ಬಿಗಿಯಿರಿ. 1.5 ಮಿ.ಮೀ. ಪಿಚ್ಚಿನ ಮರೆಯಾದರೆ ಸುಮಾರು 0.75ರಿಂದ 1.1 ಮಿ.ಮೀ. ಸಂದು ಸಿಗುತ್ತದೆ. ತುದಿ ಎರಡು ಹಲ್ಲುಗಳ ನಡುವಿನ ಸಂದಿಗೆ ಎದುರಾಗಿರುವಾಗ ಅಳೆದರೆ ಮೊದಲ ಸೆಲ್ಫಿಗೇ ಪಿಕಪ್ ಪುಡಿ. ಅದು ಅಯಸ್ಕಾಂತವಾದ್ದರಿಂದ ಸೆಲ್ಫಿನ ಹಲ್ಲು ಸವೆದ ಪುಡಿ ಅದಕ್ಕೇ ಅಂಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ.

ಡೀಸೆಲ್ ಪೈಪಿಗೆ ಕಚ್ಚಿಸುವ ಕ್ಲಿಪ್ಪುಗಳು ಗ್ಯಾರೇಜಿನ ತಪಾಸಣೆಗೆ ಸರಿ, ಕಾಯಂ ಜೋಡಣೆಗಲ್ಲ. ಕೆಲವು ಇಂಜಿನ್ನುಗಳಲ್ಲಿ ಕೇಬಲ್ಲಿನಿಂದ ತಿರುಗುವ ಯಾಂತ್ರಿಕ ಮೀಟರಿಗೆ ಕೊಂಡಿ ಇರುತ್ತದೆ. ಇದ್ದರೆ ಬಳಸಿ, ಇಲ್ಲದ್ದಕ್ಕೆ ಹೊಸದಾಗಿ ಮಾಡಿಸಲು ಹೋಗಬೇಡಿ.

ಈಗ ಮೀಟರ್. ಕೊಳ್ಳುವಾಗ ಮೂರು ವಿಷಯ ನೋಡಿ. ಡೀಸೆಲ್ಲಿಗೆ, ಆಲ್ಟರ್ನೇಟರ್ ಸಿಗ್ನಲ್ಲಿಗೆ ಎಂದು ಬರೆದಿರಬೇಕು. ಒಂದು ಸುತ್ತಿಗೆ ಎಷ್ಟು ಮಿಡಿತ ಎಂಬುದನ್ನು ಹಿಂದಿನ ಸ್ಕ್ರೂ ಅಥವಾ ಸಣ್ಣ ಸ್ವಿಚ್ಚುಗಳಿಂದ ಹೊಂದಿಸಲು ಬರಬೇಕು. ವೋಲ್ಟೇಜ್ ನಿಮ್ಮ ಗಾಡಿಯದೇ ಆಗಿರಬೇಕು. ಎರಡು ಬ್ಯಾಟರಿ ಕಂಡ ಮಾತ್ರಕ್ಕೆ 24 ವೋಲ್ಟ್ ಎಂದುಕೊಳ್ಳದೆ ಸೆಲ್ಫಿನ ಬೋಲ್ಟಿನಲ್ಲಿ ಅಳೆದು ನೋಡಿ. 24 ವೋಲ್ಟಿನ ಗಾಡಿಯಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದು ಮೀಟರಿಗೆ ಕೊಡುವ ಚಾಳಿ ಬೇಡ, ಎರಡು ಬ್ಯಾಟರಿಗಳ ಸಮತೋಲ ಕೆಡುತ್ತದೆ. ಡಯಲ್ 3000 ಅಥವಾ 4000ದವರೆಗೆ ಸಾಕು. 8000ದ ಕಾರ್ ಡಯಲ್ಲಿನಲ್ಲಿ ನಿಮಗೆ ಬೇಕಾದ 1200ರಿಂದ 2800 ಒಂದು ಮೂಲೆಯಲ್ಲಿ ಮುದುಡಿ ಕೂತಿರುತ್ತದೆ, ಘಟ್ಟದ ತಿರುವಿನಲ್ಲಿ ಒಂದು ನೋಟಕ್ಕೆ ಓದಲು ಬಾರದು.

ವಯರಿಂಗ್ ಹೀಗೆ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತುದಿಯಿಂದ 2 ಆಂಪಿಯರ್ ಫ್ಯೂಸ್ ಮೂಲಕ ಮೀಟರಿನ ಪ್ಲಸ್ಸಿಗೆ. ಡಯಲ್ ದೀಪಕ್ಕೆ ಪಾರ್ಕಿಂಗ್ ದೀಪದ ಲೈನಿನಿಂದ. ಸಿಗ್ನಲ್ ವಯರ್ ಆಲ್ಟರ್ನೇಟರಿನಿಂದ, ಸೈಲೆನ್ಸರ್ ಮತ್ತು ಹಾರನ್ ಲೈನುಗಳಿಂದ ದೂರವಾಗಿ. ಇನ್ನು ಅರ್ತ್, ಎಡವುವುದು ಇಲ್ಲಿಯೇ. ನಮ್ಮ ಹಳೆಯ ಲಾರಿಗಳ ಕ್ಯಾಬಿನ್ ಬಹುತೇಕ ಮರದ್ದು. ಡ್ಯಾಶಿನ ಸ್ಕ್ರೂವಿಗೆ ಅರ್ತ್ ಕಟ್ಟಿದರೆ ಅದು ಮರಕ್ಕೆ ಕಟ್ಟಿದಂತೆ, ಕೊನೆಗೆ ಯಾವುದೋ ದೀಪದ ವಯರಿನ ಮೂಲಕ ದಾರಿ ಹುಡುಕಿಕೊಂಡು ಹೋಗುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಹಾರುವುದು ಇದರಿಂದ. ಮೀಟರಿನ ಅರ್ತನ್ನು ಬೇರೆ ವಯರಿನಲ್ಲಿ ಚಾಸಿಗೆ, ಬಣ್ಣ ಕೆರೆದ ಬೋಲ್ಟಿಗೆ ತನ್ನಿ.

ಪ್ರಶ್ನೆ: ಗಿರಾಕಿಯೊಬ್ಬರ ಲಾರಿಗೆ ಡಬ್ಲ್ಯು ಪಿನ್ನಿನಿಂದ ಮೀಟರ್ ಜೋಡಿಸಿದೆ. ಓಡುತ್ತದೆ, ಆದರೆ ಇಂಜಿನ್ ಸುಮ್ಮನೆ ನಿಂತು ತಿರುಗುವಾಗಲೇ 850–870 ತೋರಿಸುತ್ತದೆ. ಕಿವಿಗೆ 600 ಅನ್ನಿಸುತ್ತದೆ. ಚಾಲೂ ಮಾಡಿದ ಮೊದಲ ಒಂದು ನಿಮಿಷ ಮುಳ್ಳು ಸತ್ತೇ ಇರುತ್ತದೆ. ಮೀಟರ್ ದೋಷವೇ?
– ಗ್ಯಾರೇಜಿನವರು, ಶಿರಸಿ

ಉತ್ತರ: ಮೀಟರ್ ಚೆನ್ನಾಗಿದೆ, ನಿಮ್ಮ ಕಿವಿಯೂ ಚೆನ್ನಾಗಿದೆ. ಹೊಂದಾಣಿಕೆ ಆಗಿಲ್ಲ ಅಷ್ಟೆ.

ಲೆಕ್ಕ ಹೀಗಿದೆ. ಕ್ರ್ಯಾಂಕ್ ಪುಲ್ಲಿಯ ವ್ಯಾಸವನ್ನು ಆಲ್ಟರ್ನೇಟರ್ ಪುಲ್ಲಿಯ ವ್ಯಾಸದಿಂದ ಭಾಗಿಸಿ. ಬೆಲ್ಟು ಕೂರುವ ಮಟ್ಟದಲ್ಲಿ ಅಳೆಯಬೇಕು, ಹೊರ ಅಂಚಿನಲ್ಲಲ್ಲ. 180 ಮತ್ತು 75 ಮಿ.ಮೀ. ಬಂತೆನ್ನಿ, ಇಂಜಿನ್ನಿನ ಒಂದು ಸುತ್ತಿಗೆ ಆಲ್ಟರ್ನೇಟರ್ 2.4 ಸುತ್ತು. ರೋಟರಿನಲ್ಲಿ ಉಗುರಿನಂಥ 12 ಧ್ರುವಗಳಿದ್ದರೆ ಅದರ ಒಂದು ಸುತ್ತಿಗೆ 6 ಮಿಡಿತ. 2.4 × 6 = 14.4. ಇದೇ ಮೀಟರಿಗೆ ಕೊಡಬೇಕಾದ ಸಂಖ್ಯೆ. ನಿಮ್ಮ ಮೀಟರ್ 10ಕ್ಕೆ ಹೊಂದಿಸಿದ್ದು, ಗಾಡಿಯದು 14.4 ಇದ್ದರೆ 600 ಇರುವಲ್ಲಿ 864 ತೋರಿಸುತ್ತದೆ. ನೀವು ಬರೆದಿರುವುದೂ ಅಷ್ಟೇ. ಎಲ್ಲ ಆಲ್ಟರ್ನೇಟರಿಗೂ 12 ಧ್ರುವ ಎಂದೇನಿಲ್ಲ, 14, 16ರವೂ ಇವೆ, ಬಿಚ್ಚಿದಾಗ ಎಣಿಸಿಬಿಡಿ.

ಪುಲ್ಲಿಯ ಅಳತೆ ಹತ್ತಿರಕ್ಕೆ ತರುತ್ತದೆಯೇ ಹೊರತು ಕೊನೆಯ ತೀರ್ಪು ಅಲ್ಲ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪಿನ ತುಂಡು ಅಂಟಿಸಿ ಲೇಸರ್ ಟ್ಯಾಕೋಮೀಟರ್ ಹಿಡಿದು 1500ಕ್ಕೆ ಎಕ್ಸಿಲರೇಟರ್ ನಿಲ್ಲಿಸಿ, ಗಾಡಿಯ ಮೀಟರನ್ನು ಅದಕ್ಕೆ ಸರಿಮಾಡಿ. ಹರ್ಟ್ಝ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. 1500ರಲ್ಲಿ ಡಬ್ಲ್ಯು ಪಿನ್ನಿನಲ್ಲಿ 360 ಹರ್ಟ್ಝ್ ಬಂದರೆ 360 × 60 ÷ 1500, ಅಂದರೆ ಅದೇ 14.4. ಐಡಲಿಂಗಿನಲ್ಲಿ ಹೊಂದಿಸಿ ಬಿಡಬೇಡಿ. 600ರಲ್ಲಿ ಕಣ್ಣಿಗೆ ಕಾಣದ 20ರ ತಪ್ಪು 2700 ತಲುಪುವಾಗ 90 ಆಗಿರುತ್ತದೆ.

ಲೇಸರ್ ಇಲ್ಲವೆಂದಾದರೆ ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟ್ ಸಾಕು. ಗ್ರಿಡ್ಡಿನ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪುಲ್ಲಿಯ ಮುಖಕ್ಕೆ ನಡುವಿನಿಂದ ಅಂಚಿಗೆ ಒಂದೇ ಒಂದು ಬಿಳಿ ಗೀರು ಎಳೆದು, ಕತ್ತಲಾದ ಮೇಲೆ ಬೇರೆ ದೀಪ ಆರಿಸಿ ಆ ಬೆಳಕಿನಲ್ಲಿ ನೋಡುತ್ತ ನಿಧಾನ ವೇಗ ಏರಿಸಿ. ಸರಿಯಾಗಿ 1500ಕ್ಕೆ ಆ ಒಂದು ಗೀರು ನಾಲ್ಕಾಗಿ, ಅಧಿಕ ಚಿಹ್ನೆಯ ಹಾಗೆ ಕದಲದೆ ನಿಲ್ಲುತ್ತದೆ. 2000ಕ್ಕೆ ಮೂರಾಗಿ ನಿಲ್ಲುತ್ತದೆ. ಐದು ಗೀರನ್ನು ನಂಬಬೇಡಿ, 1200ರಲ್ಲೂ 2400ರಲ್ಲೂ ಅದು ಕಾಣುತ್ತದೆ. ಎಲೆಕ್ಟ್ರಾನಿಕ್ ಚೋಕಿನ ಟ್ಯೂಬಿನಲ್ಲಿ ಇದು ನಡೆಯದು. ಜನರೇಟರ್ ಕರೆಂಟಿನಲ್ಲೂ ಬೇಡ, ಅದರ ಆವರ್ತನ ಗಟ್ಟಿಯಲ್ಲ. ಒಂದು ಎಚ್ಚರ: ಈ ಬೆಳಕಿನಲ್ಲಿ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ. ಹುಡುಗರ ಕೈ ಅತ್ತ ಹೋಗದಂತೆ ದೂರ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಡಿ.

ಮೊದಲ ಒಂದು ನಿಮಿಷ ಮುಳ್ಳು ಸಾಯುವುದಕ್ಕೆ ಕಾರಣ, ಕಡಿಮೆ ವೇಗದಲ್ಲಿ ಆಲ್ಟರ್ನೇಟರ್ ಇನ್ನೂ ಚಾರ್ಜಿಂಗ್ ಹಿಡಿದಿರುವುದಿಲ್ಲ. ಒಮ್ಮೆ ಎಕ್ಸಿಲರೇಟರ್ ಒತ್ತಿಬಿಟ್ಟ ಕೂಡಲೇ ಎದ್ದರೆ ದೋಷವಲ್ಲ. ಚಾರ್ಜಿಂಗ್ ದೀಪದ ಬಲ್ಬು ಸುಟ್ಟಿದ್ದರೂ ಹೀಗೇ ಆಗುತ್ತದೆ, ರೋಟರಿಗೆ ಮೊದಲ ಕರೆಂಟು ಹೋಗುವುದು ಆ ಬಲ್ಬಿನ ಮೂಲಕ. ಓಡುವಾಗ ಮುಳ್ಳು ನಡುಗಿದರೆ ಬೆಲ್ಟು ನೋಡಿ: ಉದ್ದದ ಭಾಗದ ನಡುವೆ ಹೆಬ್ಬೆರಳು ಒತ್ತಿದರೆ 10–12 ಮಿ.ಮೀ. ತಗ್ಗಬೇಕು. ಜಾರುವ ಬೆಲ್ಟಿನ ಮೀಟರ್ ಯಾವಾಗಲೂ ಕಡಿಮೆಯನ್ನೇ ಹೇಳುತ್ತದೆ. ಗಿರಾಕಿಗೆ ತಪ್ಪದೆ ಹೇಳಬೇಕಾದದ್ದು ಇನ್ನೊಂದಿದೆ. ಮುಂದೆ ಆಲ್ಟರ್ನೇಟರನ್ನೋ ಅದರ ಪುಲ್ಲಿಯನ್ನೋ ಬದಲಿಸಿದ ದಿನ ಈ ಹೊಂದಾಣಿಕೆ ಹಾಳಾಯಿತು. 14.4 ಎಂಬ ಸಂಖ್ಯೆಯನ್ನು ಮೀಟರಿನ ಬೆನ್ನಿಗೇ ಬರೆದು ಅಂಟಿಸಿ.

ಪ್ರಶ್ನೆ: ಕುಮಟೆಯಿಂದ ದೇವಿಮನೆ ಘಟ್ಟದಲ್ಲಿ ಓಡಾಡುವ ಚಿರೆಕಲ್ಲಿನ ಲಾರಿಯ ಡ್ರೈವರ್ ನಾನು. ಧಣಿಗಳು ಮೀಟರ್ ಹಾಕಿಸಿದ್ದಾರೆ. ಡಯಲ್ಲಿನಲ್ಲಿ ಹಸಿರು, ಕೆಂಪು ಪಟ್ಟಿ ಇಲ್ಲ. ಮುಳ್ಳು ಎಲ್ಲಿರಬೇಕು?
– ಲಾರಿ ಚಾಲಕ, ಕುಮಟಾ

ಉತ್ತರ: ಕೆಂಪು ಗೆರೆಯನ್ನು ಇಂಜಿನ್ನಿನ ನಾಮಫಲಕವೇ ಹೇಳುತ್ತದೆ. ಪೂರ್ಣ ಶಕ್ತಿ ಎಷ್ಟು ಆರ್‌ಪಿಎಂನಲ್ಲಿ ಎಂದು ಅದರಲ್ಲಿ ಅಚ್ಚೊತ್ತಿದೆ. 2800 ಎಂದಿದ್ದರೆ ಗಾಜಿನ ಮೇಲೆ 2800ಕ್ಕೆ ಕೆಂಪು ಟೇಪಿನ ಸಣ್ಣ ಚೂರು ಅಂಟಿಸಿ. ನ್ಯೂಟ್ರಲ್‌ನಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಳ್ಳು ಅದನ್ನು ದಾಟಿ 3000ದ ಹತ್ತಿರ ಹೋಗಿ ನಿಂತರೆ ಗಾಬರಿ ಬೇಡ, ಭಾರವಿಲ್ಲದಾಗ ಪಂಪಿನ ಗವರ್ನರ್ ಸ್ವಲ್ಪ ಮೇಲೆಯೇ ಹಿಡಿಯುತ್ತದೆ.

ಹತ್ತುವಾಗ ಸೋತ ಇಂಜಿನ್ ಶಬ್ದದಲ್ಲೇ ಹೇಳುತ್ತದೆ, ಮೀಟರ್ ಅದನ್ನು ಸ್ವಲ್ಪ ಮೊದಲೇ ತೋರಿಸುತ್ತದೆ. ಗರಿಷ್ಠ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಎಂದು ಕೈಪಿಡಿಯಲ್ಲಿ ನೋಡಿ. ಮುಳ್ಳು ಅದಕ್ಕಿಂತ ಕೆಳಗಿಳಿಯುವ ಮೊದಲೇ ಗೇರ್ ಇಳಿಸಿ. ಕಪ್ಪು ಹೊಗೆ ಬಿಡುತ್ತ ಎಳೆಸಿದರೆ ಡೀಸೆಲ್ ಸುಮ್ಮನೆ ಉರಿಯುತ್ತದೆ, ಬೇರಿಂಗಿಗೂ ಪಿಸ್ಟನ್ನಿಗೂ ಪೆಟ್ಟು.

ಮೀಟರಿನ ನಿಜವಾದ ಕೆಲಸ ಇಳಿಯುವಾಗ. ಗವರ್ನರ್ ಇದೆಯಲ್ಲ, ಇಂಜಿನ್ ಮಿತಿ ಮೀರದು ಎಂದು ತುಂಬ ಜನ ನಂಬಿದ್ದಾರೆ. ಗವರ್ನರಿಗೆ ಗೊತ್ತಿರುವುದು ಡೀಸೆಲ್ ಕಡಿತಗೊಳಿಸುವುದು ಮಾತ್ರ. ಇಳಿಜಾರಿನಲ್ಲಿ ಇಂಜಿನ್ನನ್ನು ತಿರುಗಿಸುತ್ತಿರುವುದು ಡೀಸೆಲ್ ಅಲ್ಲ, ಹಿಂದಿರುವ ಚಿರೆಕಲ್ಲಿನ ಭಾರ. ಡೀಸೆಲ್ ಸೊನ್ನೆಯಾದರೂ ಚಕ್ರಗಳು ಗೇರಿನ ಮೂಲಕ ಇಂಜಿನ್ನನ್ನು ಎಷ್ಟು ಬೇಕಾದರೂ ಓಡಿಸಬಲ್ಲವು. ಮಿತಿ ಮೀರಿದರೆ ವಾಲ್ವ್ ಸ್ಪ್ರಿಂಗ್ ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರದು, ಪಿಸ್ಟನ್ ಬಂದು ಬಡಿಯುತ್ತದೆ, ಪುಶ್ ರಾಡ್ ಬಾಗುತ್ತದೆ.

ನಿಮ್ಮ ಗಾಡಿಯ ಲೆಕ್ಕ ನೀವೇ ಮಾಡಿಕೊಳ್ಳಬಹುದು. ಲೋಡ್ ಇರುವಾಗ ಹಿಂದಿನ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಸಮತಟ್ಟಿನಲ್ಲಿ ನೇರಕ್ಕೆ ಒಂದು ಸುತ್ತು ಉರುಳಿಸಿ ಅಳೆಯಿರಿ. 10.00-20 ಟೈರಿಗೆ ಸುಮಾರು 3.2 ಮೀಟರ್ ಬರುತ್ತದೆ. ಅದೇ ಹೊತ್ತಿಗೆ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ದಂಡ) ಎಷ್ಟು ಸುತ್ತಿತು ಎಂದು ಇನ್ನೊಬ್ಬರು ಎಣಿಸಲಿ. 41 ಮತ್ತು 6 ಹಲ್ಲಿನ ಕ್ರೌನ್ ಪಿನಿಯನ್ ಆದರೆ 6.83. ಗಂಟೆಗೆ 40 ಕಿ.ಮೀ. ಎಂದರೆ ನಿಮಿಷಕ್ಕೆ 667 ಮೀಟರ್, 3.2ರಿಂದ ಭಾಗಿಸಿ 6.83ರಿಂದ ಗುಣಿಸಿದರೆ ಟಾಪ್ ಗೇರಿನಲ್ಲಿ 1420ರ ಆಸುಪಾಸು. ಮೂರನೇ ಗೇರಿನ ಅನುಪಾತ 2.4 ಇದ್ದರೆ ಅದೇ 40ರಲ್ಲಿ 3400 ದಾಟಿತು! ಆ ಗೇರಿನಲ್ಲಿ ಇಳಿಯಬಹುದಾದದ್ದು 30ರೊಳಗೆ, ಆಗ 2560. ಇಳಿಜಾರು ಶುರುವಾಗುವ ಮೊದಲೇ ಗೇರ್ ಹಾಕಿ, ಮುಳ್ಳನ್ನು ಕೆಂಪಿನಿಂದ 300 ಕೆಳಗೆ ಇಟ್ಟುಕೊಳ್ಳಿ. ಅದು ಏರತೊಡಗಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಯೇ ಇದ್ದರೆ ಡ್ರಮ್ಮು ಕಾದು ಲೈನರ್ ಹಿಡಿತ ಬಿಡುತ್ತದೆ. ಮುಳ್ಳು ಕೆಂಪಿನ ಹತ್ತಿರ ಇರುವಾಗ ಇನ್ನೂ ಕೆಳಗಿನ ಗೇರಿಗೆ ತಳ್ಳಲು ಹೋಗಬೇಡಿ. ಗೇರು ಕೂರದೆ ನ್ಯೂಟ್ರಲ್‌ನಲ್ಲಿ ಉಳಿದುಬಿಟ್ಟರೆ ಇಂಜಿನ್ನಿನ ಹಿಡಿತವೇ ತಪ್ಪಿತು.

ಪ್ರಶ್ನೆ: ಪ್ರತಿ ಮಳೆಗಾಲದಲ್ಲಿ ಮೀಟರಿನ ಗಾಜಿನೊಳಗೆ ಹಬೆ ಕಟ್ಟುತ್ತದೆ. ಆಗಸ್ಟ್ ಹೊತ್ತಿಗೆ ಕೆಲಸವನ್ನೂ ನಿಲ್ಲಿಸುತ್ತದೆ. ಎರಡು ಮೀಟರ್ ಬದಲಿಸಿದ್ದಾಯಿತು.
– ಓದುಗರು, ಹೊನ್ನಾವರ

ಉತ್ತರ: ಮೂರನೆಯದನ್ನು ಕೊಳ್ಳುವ ಮೊದಲು ವಯರಿನ ಕೊನೆಗಳನ್ನು ನೋಡಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಮೊದಲು ಸಾಯುವುದು ಆಲ್ಟರ್ನೇಟರಿನ ಹತ್ತಿರದ ಲಗ್ಗು. ಹಸಿರು ಕಿಲುಬು ಹಿಡಿದಿದ್ದರೆ ಒಂದಿಂಚು ಹಿಂದಕ್ಕೆ ಕತ್ತರಿಸಿ ತಾಮ್ರ ನೋಡಿ. ಕಪ್ಪಾಗಿದ್ದರೆ ಇನ್ನೂ ಹಿಂದಕ್ಕೆ, ಅಲ್ಲೂ ಕಪ್ಪೇ ಇದ್ದರೆ ವಯರೇ ಹೊಸದಾಗಲಿ. ತವರ ಲೇಪದ ಲಗ್ಗನ್ನು ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಬೋಲ್ಟು ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ತಿರುಚಿ ಕಪ್ಪು ಟೇಪ್ ಸುತ್ತಿದ ಜೋಡಣೆ ಇಲ್ಲಿ ಒಂದು ಮಳೆಗಾಲವನ್ನೂ ದಾಟದು. ಟೇಪು ನೀರನ್ನು ತಡೆಯುವುದಕ್ಕಿಂತ ಒಳಗೇ ಹಿಡಿದಿಡುತ್ತದೆ. ವಯರ್ ಕ್ಯಾಬಿನ್ನಿಗೆ ನುಗ್ಗುವ ಜಾಗದಲ್ಲಿ ಅದನ್ನು ಕೆಳಕ್ಕೆ ಬಾಗಿಸಿ ಜೋಲಿಯಂತೆ ಬಿಟ್ಟು ಮೇಲೆ ತನ್ನಿ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಹಬೆಯ ಮಾತು ಬೇರೆ. ಮೀಟರಿನ ಹಿಂದಿನ ಬಲ್ಬ್ ಹೋಲ್ಡರಿನ ರಬ್ಬರ್ ಸಡಿಲವಾಗಿದ್ದರೆ ತೇವ ಒಳಗೆ ಹೋಗುತ್ತದೆ. ರಬ್ಬರ್ ಬದಲಿಸಿ. ಗಾಜಿನ ಸುತ್ತ ಸಿಲಿಕಾನ್ ಬಳಿದು ಎಲ್ಲ ಕಡೆ ಮುಚ್ಚುವಾಗ ಹಿಂದಿರುವ ಸೂಜಿಯಷ್ಟು ಗಾಳಿ ಕಿಂಡಿಯನ್ನು ಮಾತ್ರ ಮುಚ್ಚಬೇಡಿ. ಅದು ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಮೀಟರಿನ ಜಾಗ ಮುಂಗಾಜಿನ ರಬ್ಬರಿನ ನೇರ ಕೆಳಗಿದ್ದರೆ ಒಂದು ಗೇಣು ಪಕ್ಕಕ್ಕೆ ಸರಿಸಿ, ಸೋರುವ ನೀರು ನೇರ ಅದರ ಮೇಲೇ ಬೀಳುತ್ತಿರುತ್ತದೆ.

ಪ್ರಶ್ನೆ: ಮೀನುಗಾರಿಕೆ ಬೋಟಿನ ಡೀಸೆಲ್ ಇಂಜಿನ್ನಿಗೂ ಇದೇ ಮೀಟರ್ ಆಗುತ್ತದೆಯೇ?
– ಬೋಟ್ ಮಾಲೀಕರು, ಬೈತಖೋಲ, ಕಾರವಾರ

ಉತ್ತರ: ಆಗುತ್ತದೆ, ಡಬ್ಲ್ಯು ಪಿನ್ನಿನ ವಿಧಾನ ಹಾಗೇ ನಡೆಯುತ್ತದೆ. ಬೋಟಿನಲ್ಲಿ ಚಾಸಿ ಇಲ್ಲ, ಮರ ಅಥವಾ ಫೈಬರ್. ಆದ್ದರಿಂದ ಸಿಗ್ನಲ್ಲಿನ ಜೊತೆಯಲ್ಲೇ ಆಲ್ಟರ್ನೇಟರಿನ ಮೈಯಿಂದ ಅರ್ತ್ ವಯರನ್ನೂ ವೀಲ್‌ಹೌಸಿನವರೆಗೆ ತನ್ನಿ. ತವರ ಲೇಪದ ತಾಮ್ರದ ವಯರೇ ಇರಲಿ.

ನಿಮಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. ಮಂಜುಗಡ್ಡೆ, ಡೀಸೆಲ್ ತುಂಬಿಕೊಂಡು ಹೊರಟಾಗ, ಬಲೆ ಬಿಡುವ ಮೊದಲು, ಎಕ್ಸಿಲರೇಟರ್ ಪೂರ್ತಿ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ನಾಮಫಲಕದಲ್ಲಿ 2000 ಇದ್ದು 1700ಕ್ಕೇ ನಿಂತರೆ ನೀರಿನೊಳಗಿನ ಫ್ಯಾನಿನ (ಪ್ರೊಪೆಲ್ಲರಿನ) ಪಿಚ್ ಇಂಜಿನ್ನಿಗೆ ಹೆಚ್ಚಾಗಿದೆ, ಇಲ್ಲವೇ ತಳಕ್ಕೆ ಪಾಚಿ, ಚಿಪ್ಪು ಹತ್ತಿದೆ, ಅಥವಾ ಹಗ್ಗ ಸುತ್ತಿಕೊಂಡಿದೆ. ತಳ ಉಜ್ಜಿ ಬಣ್ಣ ಬಳಿದು ಇಳಿಸಿದ ಮೊದಲ ದಿನದ ಅಂಕಿಯನ್ನು ವೀಲ್‌ಹೌಸಿನ ಹಲಗೆಯ ಮೇಲೆ ಬರೆದಿಡಿ, ತಿಂಗಳಿಗೊಮ್ಮೆ ಅದರೊಡನೆ ಹೋಲಿಸಿ. 100 ಇಳಿದಿದ್ದರೆ ಇಂಜಿನ್ ಬಿಚ್ಚುವ ಮೊದಲು ತಳ ನೋಡಿ.